ಆರು ವಾರದ ತಪ್ಪು

ರುದ್ರಮೂರ್ತಿ ಸಾರ್ ಏನನ್ನೇ ಓದಲಿ, ಎರಡು ತೋರುಬೆರಳು ಇಟ್ಟು ಓದುತ್ತಿದ್ದರು. ಎಡಗೈ ಬೆರಳು ಒಂದು ಕಾಗದದ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ. ಎರಡೂ ಒಂದೊಂದೇ ಅಕ್ಷರ ಮುಂದೆ ಸರಿಯುತ್ತಿದ್ದವು. ಎಲ್ಲಿ ಈ ಕಾಗದಕ್ಕೂ ಆ ಕಾಗದಕ್ಕೂ ಹೊಂದುವುದಿಲ್ಲವೋ ಅಲ್ಲಿ ಬೆರಳು ನಿಲ್ಲುತ್ತಿತ್ತು. ಆಗ ಕತ್ತೆತ್ತಿ, ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, "ಸಿಕ್ತು ನೋಡಿ" ಅನ್ನುತ್ತಿದ್ದರು. ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ಹೊತ್ತಿಗೆ ಅರ್ಧ ಗಂಟೆ ಹೋಗಿರುತ್ತಿತ್ತು.

"ಕಂಪ್ಯೂಟರೇ ಹೋಲಿಸಿ ಹೇಳತ್ತಲ್ಲ ಸಾರ್" ಎಂದು ನಾನು ರೇಗಿದರೆ, "ಅದಕ್ಕೆ ಹೋಲಿಸೋದು ಹೇಳಿಕೊಟ್ಟೋನು ನಾನೇ ಕಣಮ್ಮ. ಅದ್ಕೇ ನಂಬಲ್ಲ" ಅನ್ನುತ್ತಿದ್ದರು.

ನಮ್ಮ ಮ್ಯಾನೇಜರ್ ಹರೀಶ ತನ್ನ ಮದುವೆಯ ಕರೆಯೋಲೆ ಹಂಚಿದಾಗ ನಾವೆಲ್ಲ ಹುಡುಗಿಯ ಹೆಸರು ನೋಡಿ, ಛತ್ರ ಎಲ್ಲಿ ಎಂದು ನೋಡಿ, ಡ್ರಾಯರಿಗೆ ಹಾಕಿಕೊಂಡೆವು. ಸಾರ್ ಮಾತ್ರ ಕನ್ನಡದ ಹಾಳೆ ಈ ಕಡೆ, ಇಂಗ್ಲಿಷ್ ಹಾಳೆ ಆ ಕಡೆ ಬಿಡಿಸಿಟ್ಟುಕೊಂಡು ಬೆರಳು ಸರಿಸಿದರು. ಕನ್ನಡದಲ್ಲಿ ಮುಹೂರ್ತ ಹತ್ತೂಕಾಲಿಗೆ, ಇಂಗ್ಲಿಷಿನಲ್ಲಿ ಹನ್ನೊಂದೂಕಾಲಿಗೆ. ಕಾರ್ಡುಗಳೆಲ್ಲ ಆಗಲೇ ಊರು ಸೇರಿದ್ದವು. ಹರೀಶನ ಮುಖ ಹುಳ್ಳಗಾಯಿತು. ಸಾರ್ ಸಮಾಧಾನ ಹೇಳಿದರು: "ಬಿಡಿ ಹರೀಶ್. ಕನ್ನಡ ಓದಿದೋರು ತಾಳಿ ಕಟ್ಟೋದು ನೋಡ್ತಾರೆ, ಇಂಗ್ಲಿಷ್ ಓದಿದೋರು ಸೀದಾ ಊಟಕ್ಕೆ ಬರ್ತಾರೆ. ಯಾರಿಗೂ ನಷ್ಟ ಇಲ್ಲ." ಆ ಮದುವೆಗೆ ನಾನು ಹೋಗಿದ್ದೆ. ಹಾಗೇ ಆಯಿತು.

ನಮ್ಮ ಆಫೀಸು ಜೆ.ಪಿ. ನಗರದಲ್ಲಿ, ಒಂದು ಬೇಕರಿಯ ಮೇಲಿನ ಎರಡನೇ ಮಹಡಿ. ಹದಿನೈದು ಜನ ಇದ್ದೆವು. ಕಂಪನಿಗಳು ತಮ್ಮ ನೌಕರರಿಗೆಂದು ಓಡಿಸುವ ಬಸ್ಸುಗಳಿರುತ್ತವಲ್ಲ, ಅವುಗಳೊಳಗೆ ಡ್ರೈವರ್ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಮುಂದಿನ ನಿಲ್ದಾಣದ ಹೆಸರು ಬರುವ ಬೋರ್ಡು ನಾವು ಮಾಡುತ್ತಿದ್ದದ್ದು. ನಿಲ್ದಾಣಗಳ ಪಟ್ಟಿಯಿಂದ ಸರಿಯಾದ ಹೆಸರು ಹುಡುಕಿ ತೆಗೆಯುವ ಪ್ರೋಗ್ರಾಮು ನನ್ನದು. ನಾವು ಬರೆದ ಪ್ರೋಗ್ರಾಮನ್ನು ಬೋರ್ಡಿಗೆ ಅರ್ಥವಾಗುವ ಭಾಷೆಗೆ ಬದಲಾಯಿಸಿಕೊಡುವುದಕ್ಕೆ ಇನ್ನೊಂದು ಪ್ರೋಗ್ರಾಮು ಬೇಕು. ಅದು ಕಂಪೈಲರ್. ನಮ್ಮ ಬೋರ್ಡಿನ ಚಿಪ್ಪಿಗೆಂದೇ ಅದನ್ನು ಬರೆದವರು ರುದ್ರಮೂರ್ತಿ ಸಾರ್, ಅದೂ ಎಷ್ಟೋ ವರ್ಷಗಳ ಹಿಂದೆ. ಅವರು ರಿಟೈರ್ ಆದ ಮೇಲೆ ಅದರೊಳಗೆ ಏನಿದೆ ಎಂದು ಬಲ್ಲವರು ಯಾರೂ ಉಳಿಯಲಿಲ್ಲ. ಹಾಗಾಗಿ ಮತ್ತೆ ಕರೆಸಿಕೊಂಡು, ಕಿಟಕಿ ಪಕ್ಕ ಒಂದು ಮೇಜು ಕೊಟ್ಟು ಕೂರಿಸಿದ್ದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರಿಗೆ ಅರವತ್ತು ದಾಟಿ ಆಗಿತ್ತು.

ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಪುಟ್ಟೇನಹಳ್ಳಿಯ ಮನೆಯಿಂದ ಕೆರೆಯ ಪಕ್ಕದ ದಾರಿಯಲ್ಲಿ ನಡೆದೇ ಬರುತ್ತಿದ್ದರು. ಕೈಯಲ್ಲಿ ನಾಲ್ಕು ಅಂಕಣದ ಊಟದ ಕ್ಯಾರಿಯರ್. ಮೊದಲ ದಿನ ನೋಡಿ ನನಗೆ ಗಾಬರಿಯಾಗಿತ್ತು, ಇಷ್ಟು ಸಣಕಲು ಮನುಷ್ಯ ಇಷ್ಟೊಂದು ಉಣ್ಣುತ್ತಾರಾ ಎಂದು. ಆಮೇಲೆ ಗೊತ್ತಾಯಿತು. ಹೆಂಡತಿ ಗಿರಿಜಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿಲ್ಲ. ಅವರು ಕಾಯಿಲೆ ಬಿದ್ದಾಗ ಅಡಿಗೆ ಕಲಿತವರು ಸಾರ್. ಕಲಿತದ್ದು ಇಬ್ಬರಿಗೆ. "ಒಬ್ಬನಿಗೆ ಅಳತೆ ಗೊತ್ತಾಗಲ್ಲ ಕಣಮ್ಮ. ಕಮ್ಮಿ ಮಾಡಿದ್ರೆ ಸಾರು ಸಾರಿನ ಹಂಗೇ ಇರಲ್ಲ." ಉಳಿದದ್ದನ್ನು ಯಾರಿಗಾದರೂ ಬಡಿಸುತ್ತಿದ್ದರು. ಹುಚ್ಚೆಳ್ಳು ಚಟ್ನಿಪುಡಿ, ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ. ನಮ್ಮ ಹುಡುಗರು ಮೊಬೈಲಿನಲ್ಲಿ ಬಿರಿಯಾನಿ ತರಿಸಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಉಣ್ಣುವವರು. ಸಾರ್ ಕ್ಯಾರಿಯರ್ ಬಿಚ್ಚಿ ಸುತ್ತ ನೋಡುತ್ತಿದ್ದರು. ಎಷ್ಟೋ ದಿನ ಎರಡು ಅಂಕಣ ಹಾಗೇ ಮುಚ್ಚಿಕೊಂಡು ಮನೆಗೆ ವಾಪಸ್ಸಾಗುತ್ತಿದ್ದವು. ನಾನೂ ನೋಡಿಯೂ ನೋಡದ ಹಾಗೆ ಇದ್ದವಳೇ. ನನ್ನ ಡಬ್ಬಿ ನನಗೆ, ನನ್ನ ಕೆಲಸ ನನಗೆ. ಗಂಡನಿಂದ ಬಿಡುಗಡೆ ಪಡೆದು, ಬನಶಂಕರಿಯಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇರುವವಳು. ಯಾರಾದರೂ ಹತ್ತಿರ ಬಂದು ಮಾತಾಡಿಸಿದರೆ, ಏನು ಬೇಕಾಗಿದೆ ಇವರಿಗೆ ಎಂದೇ ಮೊದಲು ಅನ್ನಿಸುತ್ತಿತ್ತು. ಕೋಪ ಮೂಗಿನ ತುದಿಯಲ್ಲೇ.

ಆ ತಪ್ಪು ಬಂದದ್ದು ಫೋನಿನಲ್ಲಿ. ಬನ್ನೇರುಘಟ್ಟ ರಸ್ತೆಯ ಕಡೆ ಹತ್ತು ಬಸ್ಸು ಓಡಿಸುವ ಒಬ್ಬ ಮಾಲೀಕರು ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ, "ಮೇಡಂ, ನಿಮ್ ಬೋರ್ಡು ಎಲ್ಲಾ ಕಡೆ ಚೆನ್ನಾಗಿ ಮಾತಾಡತ್ತೆ, ಹುಳಿಮಾವು ಬಂತು ಅಂದ್ರೆ ಮೂಗ ಆಗೋಗತ್ತೆ. ನಿನ್ನೆ ಒಬ್ರು ಇಳೀಬೇಕಾದ ಕಡೆ ಇಳೀದೆ ಮುಂದಕ್ಕೆ ಹೋಗಿ ನಮ್ ಡ್ರೈವರ್ ಮೇಲೆ ಜಗಳ" ಅಂದರು. ನಾನು ಆಫೀಸಿನಲ್ಲೇ ಒಂದು ಬೋರ್ಡು ಇಟ್ಟುಕೊಂಡು ಹುಳಿಮಾವು ಎಂದು ಕೈಯಾರೆ ಟೈಪ್ ಮಾಡಿ ನೋಡಿದೆ. ಸರಿಯಾಗಿ ಬಂತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಬಂತು. ಬಸ್ಸಿನಲ್ಲಿ ಹೋಗಿ ಕೂತೆ, ಹುಳಿಮಾವು ಬಂತು, ಬೋರ್ಡು ಖಾಲಿ. ನನ್ನ ಪ್ರೋಗ್ರಾಮನ್ನು ನೂರು ಸಲ ಓದಿದೆ. ಒಂದು ಅಕ್ಷರ ತಪ್ಪಿರಲಿಲ್ಲ.

ತಪ್ಪು ಕಂಪೈಲರಿನದೇ ಇರಬೇಕು ಎಂಬ ನನ್ನ ಮಾತನ್ನು ಹರೀಶ ಒಪ್ಪಲಿಲ್ಲ. "ಕಂಪೈಲರ್ ತಪ್ಪು ಅಂತ ಎಲ್ರೂ ಹೇಳ್ತಾರೆ ಮಂಜುಳಾ. ತೋರಿಸಿ. ತೋರಿಸೋವರ್ಗೂ ಇದು ನಿಮ್ದೇ." ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಗೋಡೆಯ ಮೇಲೆ ಬಾಕಿ ಉಳಿದ ತಪ್ಪುಗಳ ಪಟ್ಟಿ ಬೆಳಗುತ್ತಿತ್ತು. ಅದರ ಮೇಲ್ತುದಿಯಲ್ಲಿ ಕೆಂಪು ಬಣ್ಣದಲ್ಲಿ ಹುಳಿಮಾವು, ಪಕ್ಕದಲ್ಲಿ ನನ್ನ ಹೆಸರು.

ಗತಿಯಿಲ್ಲದೆ ಸಾರ್ ಹತ್ತಿರ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡು, ಒಂದೇ ಪ್ರಶ್ನೆ ಕೇಳಿದರು. "ನೀವು ಟೈಪ್ ಮಾಡಿದ್ರೆ ಸರಿ, ಮೊದಲೇ ಪಟ್ಟಿಲಿ ಇದ್ರೆ ತಪ್ಪು. ಅಲ್ವಾ?"

"ಹೌದು ಸಾರ್."

"ಹಂಗಾದ್ರೆ ಇದು ಹೆಚ್ಚಿಟ್ಟ ತರಕಾರಿದು." ನನ್ನ ಮುಖ ನೋಡಿ ಬಿಡಿಸಿ ಹೇಳಿದರು. "ಹಬ್ಬದ ಅಡಿಗೆಗೆ ಹಿಂದಿನ ದಿನವೇ ಕಾಯಿ ತುರ್ಕೊಂಡು, ತರಕಾರಿ ಹೆಚ್ಕೊಂಡು ಇಟ್ಕೊಳಲ್ವಾ? ಕಂಪೈಲರ್ರೂ ಹಂಗೇ. ಎರಡು ಹೆಸರು ಮೊದ್ಲೇ ಗೊತ್ತಿದ್ರೆ, ಇದ್ರಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅಂತ ಬಸ್ಸು ಹೊರಡೋವರ್ಗೂ ಕಾಯಲ್ಲ. ಇಲ್ಲೇ ಹೋಲಿಸಿ, ಉತ್ತರ ಬರೆದು ಕಳಿಸಿಬಿಡತ್ತೆ. ಗೊತ್ತಿಲ್ದೇ ಇರೋ ಹೆಸರು ಬಂದ್ರೆ ಮಾತ್ರ ಬೋರ್ಡು ತಾನೇ ಹೋಲಿಸತ್ತೆ. ಈಗ ಮನೇಲಿ ಹೋಲಿಸಿದ್ದಕ್ಕೂ ದಾರೀಲಿ ಹೋಲಿಸಿದ್ದಕ್ಕೂ ತಾಳೆ ಆಗ್ತಿಲ್ಲ."

"ಎಲ್ಲಿ ತಪ್ಪಿದೆ ಸಾರ್?"

"ಓದ್ಬೇಕು" ಅಂದರು. ಕಂಪೈಲರನ್ನು ಪೂರ್ತಿ ಅಚ್ಚು ಹಾಕಿಸಿದರು. ಎಂಟು ಕಟ್ಟು ಕಾಗದವಾಯಿತು.

ಆ ವಾರವೇ ಹರೀಶ ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ಹೊಸ ಬೋರ್ಡಿಗೆ ಹೊಸ ಚಿಪ್ಪು ಬರುತ್ತದೆ, ಅದಕ್ಕೆ ಪ್ರಪಂಚವೆಲ್ಲ ಬಳಸುವ ಕಂಪೈಲರ್ ಪುಕ್ಕಟೆ ಸಿಗುತ್ತದೆ, ನಮ್ಮದಕ್ಕೆ ಇದೇ ಕಡೆಯ ರಿಪೇರಿ. "ಇದೊಂದು ಮುಗಿಸಿಕೊಟ್ಬಿಡಿ ಸಾರ್. ಆಮೇಲೆ ನೀವು ಮನೇಲಿ ಆರಾಮಾಗಿರಿ."

"ಮನೇಲಿ ಆರಾಮಾಗಿ ಏನ್ ಮಾಡ್ಲಿ?" ಅಂದರು ಸಾರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿಂದ ದಿನಾ ಮಧ್ಯಾಹ್ನ ಅವರ ಮೇಜಿನ ಪಕ್ಕ ನನ್ನ ಕುರ್ಚಿ. ಅವರ ಕ್ರಮ ಏನೆಂದರೆ, ಒಂದು ಪುಟ ಅವರು ಗಟ್ಟಿಯಾಗಿ ಓದಬೇಕು, ನಾನು ನನ್ನ ಪ್ರತಿಯಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು. ಮುಂದಿನ ಪುಟ ನಾನು ಓದಬೇಕು, ಅವರು ಹಿಂಬಾಲಿಸಬೇಕು. ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಮೊದಲ ದಿನ ನನಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಒಂದು ಸಾಲು ಓದಿ, ಇದನ್ನು ಯಾವಾಗ ಬರೆದದ್ದು, ಆಗ ಆಫೀಸು ಎಲ್ಲಿತ್ತು, ಅವತ್ತು ಕರೆಂಟು ಹೋಗಿ ಬರೆದದ್ದೆಲ್ಲ ಹೇಗೆ ಅಳಿಸಿಹೋಯಿತು, ಗಿರಿಜಮ್ಮ ಕ್ಯಾಂಡಲ್ ಹಚ್ಚಿಟ್ಟು ಹೇಗೆ ಬೈದರು, ಎಲ್ಲ ಬರಬೇಕು. ಆಮೇಲೆ ಇನ್ನೊಂದು ಸಾಲು.

ಎರಡನೇ ದಿನ ಅವರ ಕ್ಯಾರಿಯರ್ ಬಿಚ್ಚಿದ್ದು ನೋಡಿ, ಏನು ತೋಚಿತೋ, ನಾನು ನನ್ನ ಡಬ್ಬಿಯನ್ನೂ ಅಲ್ಲೇ ತೆಗೆದೆ. ಅಂದಿನಿಂದ ಒಟ್ಟಿಗೇ ಊಟ. ನಾನು ಚಪಾತಿ, ಅವರು ಪಲ್ಯ. ನಾನು ಮೊಸರು, ಅವರು ಉಪ್ಪಿನಕಾಯಿ. ಅವರೆಕಾಯಿ ಕಾಲ ಬಂದಾಗ ಬೆಳಿಗ್ಗೆ ಐದಕ್ಕೆ ಎದ್ದು ಬೇಳೆ ಹಿತುಕಿದ್ದೆ ಎಂದು ಹೇಳಿ ತಂದು ಬಡಿಸಿದರು. ಅಷ್ಟು ಕೆಲಸ ಒಬ್ಬರಿಗಾಗಿ ಯಾರು ಮಾಡುತ್ತಾರೆ? ಇನ್ನಾರಿಗೂ ಹೇಳದ್ದನ್ನು ನಾನು ಆ ಮೇಜಿನ ಮುಂದೆ ಹೇಳಿಕೊಂಡೆ. ಮದುವೆ ಯಾಕೆ ಮುರಿಯಿತು, ಭಾನುವಾರ ಬಂದರೆ ಯಾಕೆ ನನಗೆ ಹೊತ್ತೇ ಹೋಗುವುದಿಲ್ಲ, ಎಲ್ಲ. ಅವರು ಬುದ್ಧಿ ಹೇಳಲಿಲ್ಲ. "ಭಾನುವಾರ ಕಷ್ಟಾನೇ ಕಣಮ್ಮ. ನಾನು ಮನೇಲಿರೋ ಪಾತ್ರೆನೆಲ್ಲ ಇನ್ನೊಂದ್ಸಲ ತೊಳೀತೀನಿ" ಅಂದರು. ನಾನು ಗೊಳ್ಳೆಂದು ನಕ್ಕೆ. ಅವರು ತಮಾಷೆಗೆ ಹೇಳಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಈಗ ನೆನೆಸಿಕೊಂಡರೆ ಎಲ್ಲ ಕಾಣುತ್ತದೆ. ಆರನೆಯ ಕಟ್ಟಿನ ಹತ್ತಿರ ಬಂದಾಗಲೆಲ್ಲ, "ಇವತ್ತಿಗೆ ಸಾಕು, ಕಣ್ಣು ಉರಿ" ಅನ್ನುತ್ತಿದ್ದರು. ಮಾರನೇ ದಿನ ಏಳನೆಯ ಕಟ್ಟು ಬಿಚ್ಚಿರುತ್ತಿತ್ತು. "ಆರನೇದು ಸಾರ್?" ಅಂದರೆ, "ಅದು ನಾನು ಬೆಳಿಗ್ಗೆ ನೋಡ್ದೆ, ಏನಿಲ್ಲ ಅದ್ರಲ್ಲಿ." ನಾನು ನಂಬಿದೆ. ಕಂಪ್ಯೂಟರನ್ನೇ ನಂಬದ ಮನುಷ್ಯನನ್ನು ನಾನು ನಂಬಿದೆ.

ಅಷ್ಟರಲ್ಲಿ ಹೊಸ ಬೋರ್ಡಿನ ತಂಡಕ್ಕೆ ಮುಖ್ಯಸ್ಥರನ್ನು ಆರಿಸುವ ದಿನ ಬಂತು. ಅದು ನನಗೇ ಎಂದು ಹರೀಶ ವರ್ಷದಿಂದ ಹೇಳುತ್ತಿದ್ದ. ಕೊಟ್ಟದ್ದು ನನಗಿಂತ ಐದು ವರ್ಷ ಚಿಕ್ಕವಳೊಬ್ಬಳಿಗೆ. ಕಾರಣವನ್ನೂ ಮುಚ್ಚಿಡಲಿಲ್ಲ. "ನೀವು ಇನ್ನೂ ಹುಳಿಮಾವಲ್ಲೇ ಇದೀರಲ್ಲ ಮಂಜುಳಾ." ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತು ಸಾರ್ ನನ್ನ ಕೆಂಪು ಕಣ್ಣು ನೋಡಿ ಪಾಯಸದ ಬಟ್ಟಲನ್ನು ನನ್ನ ಕಡೆ ತಳ್ಳಿದರು, ಅಷ್ಟೇ.

ಒಂದು ಶುಕ್ರವಾರ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ನನಗೆ ಯಾಕೋ ತಾಳ್ಮೆ ಕೆಟ್ಟಿತು. ಒಬ್ಬಳೇ ಕೂತು ಆರನೆಯ ಕಟ್ಟು ಬಿಚ್ಚಿದೆ. ಹೆಚ್ಚು ಹುಡುಕಬೇಕಾಗಲಿಲ್ಲ. ಎರಡು ಹೆಸರುಗಳನ್ನು ಮುಂಚಿತವಾಗಿ ಹೋಲಿಸುವ ಭಾಗ, ಅದರ ನಡುವೆ ಒಂದು ಸಾಲಿನ ಸುತ್ತ ಪೆನ್ಸಿಲ್ಲಿನ ದುಂಡು. ಪಕ್ಕದಲ್ಲಿ ಮುದ್ದಾದ ಕನ್ನಡದಲ್ಲಿ "ಇಲ್ಲಿ" ಎಂದು ಬರೆದು, ಕೆಳಗೆ ತಾರೀಖು. ನಾವು ಓದಲು ಕೂತ ಎರಡನೆಯ ದಿನದ ತಾರೀಖು. ಅದರ ಕೆಳಗೆ ಸರಿಪಡಿಸಿದ ಸಾಲನ್ನೂ ಬರೆದಿಟ್ಟಿದ್ದರು. ಬದಲಾಗಬೇಕಿದ್ದದ್ದು ಒಂದೇ ಒಂದು ಪದ.

ತಪ್ಪು ಬಹಳ ಸಣ್ಣದು. ಕಂಪ್ಯೂಟರಿಗೆ ಅಕ್ಷರಗಳೆಂದರೆ ಸಂಖ್ಯೆಗಳು. ಇಂಗ್ಲಿಷ್ ಅಕ್ಷರಗಳಿಗೆ ಚಿಕ್ಕ ಸಂಖ್ಯೆ, ಕನ್ನಡಕ್ಕೆ ದೊಡ್ಡವು. ಬೋರ್ಡು ಕನ್ನಡದ ಸಂಖ್ಯೆಯನ್ನು ದೊಡ್ಡದೆಂದೇ ಓದಿಕೊಳ್ಳುತ್ತಿತ್ತು. ಕಂಪೈಲರ್ ಮಾತ್ರ ಮುಂಚಿತವಾಗಿ ಹೋಲಿಸುವಾಗ ಅದನ್ನು ಸೊನ್ನೆಗಿಂತ ಕೆಳಗಿನದು ಎಂದು ಓದಿಬಿಡುತ್ತಿತ್ತು. ಕನ್ನಡಕ್ಕೆ ಕನ್ನಡ ಹೋಲಿಸಿದರೆ ಸರಿ ಹೋಗುತ್ತಿತ್ತು, ಇಂಗ್ಲಿಷಿಗೆ ಇಂಗ್ಲಿಷೂ ಸರಿಯೇ. ಎರಡೂ ಬೆರೆತರೆ ಹಿಂದಿನದು ಮುಂದೆ, ಮುಂದಿನದು ಹಿಂದೆ; ಇರಬೇಕಾದ ಜಾಗದಲ್ಲಿ ಹುಳಿಮಾವು ಸಿಗದೆ ಬೋರ್ಡು ಖಾಲಿ. ಆ ಬಸ್ ಮಾಲೀಕರು ಅರ್ಧ ನಿಲ್ದಾಣ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಬರೆಸಿದ್ದರು. ನಮ್ಮ ಊರಲ್ಲಿ ಬೆರೆಸದೆ ಯಾರು ಬರೆಯುತ್ತಾರೆ? ಸಾರ್ ಇದನ್ನು ಬರೆದ ಕಾಲದಲ್ಲಿ ನಮ್ಮ ಬೋರ್ಡುಗಳಲ್ಲಿ ಕನ್ನಡವೇ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ನನಗೆ ಇದೊಂದೂ ಬೇಕಿರಲಿಲ್ಲ. ಆರು ವಾರ ಈ ಮುದುಕ ನನಗೆ ಪಲ್ಯ ಬಡಿಸಿಕೊಂಡು, ನನ್ನ ಗೋಳು ಕೇಳಿಕೊಂಡು, ತನ್ನ ತಪ್ಪನ್ನು ನನ್ನ ಹೆಸರಿನ ಕೆಳಗೆ ಬಚ್ಚಿಟ್ಟಿದ್ದಾರೆ ಎಂದು ಹಲ್ಲು ಕಡಿದೆ. ಶನಿವಾರ, ಭಾನುವಾರ ಎರಡು ದಿನ ಇದ್ದವು. ಫೋನ್ ಮಾಡಬಹುದಿತ್ತು. ಮನೆಗೆ ಹೋಗಿ ಕೇಳಬಹುದಿತ್ತು. ಮಾಡಲಿಲ್ಲ. ಸೋಮವಾರಕ್ಕೆ ಕಾದೆ.

ಮೀಟಿಂಗಿನಲ್ಲಿ ಹದಿನೈದು ಜನರ ಮುಂದೆ ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. "ಸಾರ್, ಇದು ನಿಮ್ಮ ಕೈಬರಹ ತಾನೇ?"

ಸಾರ್ ಬಗ್ಗಿ ನೋಡಿದರು. "ಹೌದಮ್ಮ."

"ಆರು ವಾರದಿಂದ ಗೊತ್ತಿತ್ತು."

"ಗೊತ್ತಿತ್ತು."

"ನಿಮ್ ಹೆಸರು ಕೆಡಬಾರ್ದು ಅಂತ ನನ್ ಹೆಸರು ಕೆಡಿಸಿದ್ರಾ ಸಾರ್? ನಿಮ್ ವಯಸ್ಸಿಗೆ ಇದು ಮಾಡೋ ಕೆಲಸಾನಾ?"

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಹರೀಶನೇ ಕೊನೆಗೆ, "ಸರಿ ಸಾರ್, ಫಿಕ್ಸ್ ಹಾಕ್ಬಿಡಿ ಇವತ್ತು" ಅಂದ. ಆ ಮಧ್ಯಾಹ್ನ ಸಾರ್ ಆ ಒಂದು ಪದ ಬದಲಾಯಿಸಿದರು. ಸಂಜೆ ಬಸ್ಸಿನ ಬೋರ್ಡಿನಲ್ಲಿ ಹುಳಿಮಾವು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮಮ್ಮ ನನಗೇ ಅಂತ ಇಟ್ಟುಕೊಂಡಿದ್ದ ಗಾದೆ. ನಾನು ಅವತ್ತು ಗೆದ್ದವಳ ಹಾಗೆ ನನ್ನ ಡಬ್ಬಿಯನ್ನು ನನ್ನ ಮೇಜಿನಲ್ಲೇ ಬಿಚ್ಚಿ ಒಬ್ಬಳೇ ಉಂಡೆ.

ಆ ವಾರದ ಕೊನೆಗೆ ಅವರಿಗೆ ಒಂದು ಶಾಲು ಹೊದಿಸಿ, ಕೆಳಗಿನ ಬೇಕರಿಯಿಂದ ಕೇಕು ತರಿಸಿ ಕಳಿಸಿಕೊಟ್ಟೆವು. ಎಂಟು ಕಟ್ಟು ಕಾಗದ ರದ್ದಿಗೆ ಹೋಯಿತು. ಹೋಗುವಾಗ ಎಲ್ಲರ ಮೇಜಿಗೂ ಹೋಗಿ "ಬರ್ತೀನಿ" ಅಂದರು. ನನ್ನ ಹತ್ತಿರವೂ ಬಂದು, "ಬರ್ತೀನಿ ಕಣಮ್ಮ" ಅಂದರು. ನಾನು ಸ್ಕ್ರೀನಿನಿಂದ ಕಣ್ಣು ತೆಗೆಯದೆ "ಸರಿ ಸಾರ್" ಅಂದೆ.

ಕೋಪ ಎಷ್ಟು ದಿನ ಇರುತ್ತದೆ? ಹತ್ತು ದಿನ, ಹದಿನೈದು ದಿನ. ಅವರ ಮೇಜಿಗೆ ಯಾರೂ ಬರಲಿಲ್ಲ. ಕೊರಿಯರ್ ಡಬ್ಬಗಳನ್ನು ಅದರ ಮೇಲೆ ಪೇರಿಸತೊಡಗಿದರು. ಮಧ್ಯಾಹ್ನ ಒಂದು ಗಂಟೆಗೆ ನನ್ನ ಕೈ ತಾನಾಗಿ ಡಬ್ಬಿ ಹಿಡಿದುಕೊಳ್ಳುತ್ತಿತ್ತು, ಆ ಕಡೆ ತಿರುಗುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಚಪಾತಿ ಒಂದೆರಡು ಹೆಚ್ಚಾಗಿಯೇ ಬರುತ್ತಿದ್ದವು. ಭಾನುವಾರ ಮನೆಯ ಪಾತ್ರೆಯನ್ನೆಲ್ಲ ಕೆಳಗಿಳಿಸಿ ತೊಳೆಯುತ್ತಾ ಕೂತಿದ್ದಾಗ ನನಗೆ ನಾಚಿಕೆಯಾಯಿತು. ಆ ಮನುಷ್ಯ ತನ್ನ ಹೆಸರಿಗಾಗಿ ಬಚ್ಚಿಟ್ಟದ್ದಲ್ಲ ಎಂದು ನನಗೆ ಅವತ್ತು ಸಿಂಕಿನ ಮುಂದೆ ಅರ್ಥವಾಯಿತು. ತನ್ನ ತಪ್ಪು ಸಿಕ್ಕಿದರೆ ಊರಿಗೆಲ್ಲ ತೋರಿಸಿ ನಗುವವರು ಅವರು.

ಅರ್ಥವಾದ ಮೇಲೂ ಹೋಗಲು ಎರಡು ತಿಂಗಳು ಹಿಡಿಯಿತು. ಯಾವ ಮುಖ ಇಟ್ಟುಕೊಂಡು ಹೋಗುವುದು? ಏನೆಂದು ಹೋಗುವುದು? ಕೊನೆಗೆ ಒಂದು ಉಪಾಯ ಮಾಡಿದೆ. ಹಳೆಯ ಕಂಪೈಲರಿಗೆ ಚಿಕ್ಕ ಪ್ರೋಗ್ರಾಮೊಂದನ್ನು ಕೊಟ್ಟು, ಅದು ಕೊಟ್ಟ ಉತ್ತರದಲ್ಲಿ ಒಂದು ಕಡೆ ನಾನೇ ಅಂಕಿ ತಿದ್ದಿದೆ. ಸರಿಯಾದದ್ದನ್ನೂ ತಪ್ಪಾದದ್ದನ್ನೂ ಅಚ್ಚು ಹಾಕಿಸಿ ಚೀಲದಲ್ಲಿಟ್ಟುಕೊಂಡೆ. ಶನಿವಾರ ಹನ್ನೊಂದು ಗಂಟೆಗೆ ಪುಟ್ಟೇನಹಳ್ಳಿಗೆ ಹೋಗಿ ಅವರ ಮನೆಯ ಗಂಟೆ ಒತ್ತಿದೆ.

ಬಾಗಿಲು ತೆಗೆದವರು ಇನ್ನಷ್ಟು ಸೊರಗಿದ್ದರು. ಗಡ್ಡ ಬಂದಿತ್ತು. ವಿಭೂತಿ ಮಾತ್ರ ಅಚ್ಚುಕಟ್ಟಾಗಿತ್ತು. "ಬನ್ನಿಮ್ಮ, ಬನ್ನಿ" ಅಂದರು, ನಿನ್ನೆ ತಾನೇ ಆಫೀಸಿನಲ್ಲಿ ನೋಡಿದ್ದ ಹಾಗೆ. ಹಾಲಿನಲ್ಲಿ ಎರಡು ಕುರ್ಚಿ. ಒಂದರ ಮೇಲೆ ಮಡಿಸಿಟ್ಟ ಪೇಪರುಗಳು. ಅವನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿ, ಕೊನೆಗೆ ನೆಲದ ಮೇಲಿಟ್ಟರು.

"ಸಾರ್, ಇನ್ನೊಂದು ತಪ್ಪು ಬಂದಿದೆ. ಬೇರೆ ಯಾರಿಗೂ ಗೊತ್ತಾಗ್ತಿಲ್ಲ" ಎಂದು ಕಾಗದ ಕೊಟ್ಟೆ. ಎರಡನ್ನೂ ತೊಡೆಯ ಮೇಲೆ ಹರಡಿಕೊಂಡು ಬೆರಳು ಇಟ್ಟರು. ಎರಡನೇ ಹಾಳೆಯ ನಡುವೆ ಬೆರಳು ನಿಂತಿತು. ಕತ್ತೆತ್ತಿ ನನ್ನನ್ನು ನೋಡಿದರು. ಸಿಕ್ತು ಅನ್ನಲಿಲ್ಲ. ಕಾಗದಗಳನ್ನು ಮಡಿಸಿ ಪಕ್ಕಕ್ಕಿಟ್ಟು, "ಊಟ ಮಾಡ್ಕೊಂಡೇ ಹೋಗ್ಬೇಕು ನೀವು" ಅಂದರು.

ಅನ್ನ, ಬಸ್ಸಾರು, ಹುರುಳಿಕಾಯಿ ಪಲ್ಯ. ಇಬ್ಬರಿಗೆ ಸರಿಯಾಗಿತ್ತು. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ಉಣ್ಣುತ್ತಾ ಉಣ್ಣುತ್ತಾ, ನಾನು ಕೇಳದೇ ಇದ್ದರೂ ಅವರೇ ಶುರು ಮಾಡಿದರು.

"ಎರಡನೇ ದಿನಾನೇ ಸಿಕ್ತು ಕಣಮ್ಮ, ಆರನೇ ಕಟ್ಟು ನಾನೊಬ್ನೇ ತಿರುವ್ತಾ ಇದ್ದಾಗ. ಹೇಳ್ಬೇಕು ಅಂತ್ಲೇ ಕತ್ತೆತ್ತಿದೆ. ನೀವು ಡಬ್ಬಿ ಬಿಚ್ತಾ ಇದ್ರಿ. 'ಸಾರ್, ನಾಳೆ ನಾನು ಚಪಾತಿ ತರ್ತೀನಿ, ನೀವು ಪಲ್ಯ ತನ್ನಿ' ಅಂದ್ರಿ. ಸರಿ, ಒಂದು ದಿನ ಪಲ್ಯ ತಂದ್ಬಿಡೋಣ, ನಾಡಿದ್ದು ಹೇಳೋಣ ಅಂದ್ಕೊಂಡೆ." ಅನ್ನ ಕಲಸುತ್ತಿದ್ದ ಕೈ ನಿಂತಿತು. "ಆಮೇಲೆ ದಿನಾ ನಾಡಿದ್ದು ಅಂದ್ಕೊಂಡೆ."

ನಾನು ಪಲ್ಯದ ಪಾತ್ರೆಯನ್ನು ಅವರ ಕಡೆ ಸರಿಸಿದೆ.

"ನಿಮಗೆ ತೊಂದ್ರೆ ಆಗ್ತಿದೆ ಅಂತ ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗತ್ತೆ. ಗೊತ್ತಿತ್ತು. ನೀವು ಅತ್ಕೊಂಡು ಬಂದ ದಿನ ನೋಡ್ದೆ. ಅವತ್ತೂ ಹೇಳ್ಲಿಲ್ಲ. ನಾನು ಮಾಡಿದ್ದು ತಪ್ಪು, ಅದಕ್ಕೆ ಏನೂ ಹೇಳಕ್ಕಾಗಲ್ಲ. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಆರು ವಾರ ನಾನು ಚೆನ್ನಾಗಿದ್ದೆ."

ನಾನೂ ಚೆನ್ನಾಗಿದ್ದೆ ಸಾರ್ ಎಂದು ಹೇಳಬೇಕಿತ್ತು. ಅದೇ ಸತ್ಯ. ಬಾಯಿಗೆ ಬಂದದ್ದು, "ಅದೆಲ್ಲ ಈಗ್ಯಾಕೆ ಬಿಡಿ ಸಾರ್. ಮೀಟಿಂಗಲ್ಲಿ ನಾನು ಹಂಗೆ ಮಾತಾಡಬಾರದಿತ್ತು" ಎಂದು ಮಾತ್ರ. ಅವರು ತಲೆಯಾಡಿಸಿ ಮಜ್ಜಿಗೆ ಬಡಿಸಿದರು.

ಮೂರು ಗಂಟೆಯ ಹೊತ್ತಿಗೆ ಹೊರಟೆ. ಗೇಟಿನವರೆಗೂ ಬಂದು ನನ್ನ ಕಾಗದಗಳನ್ನು ನನ್ನ ಕೈಗೇ ಕೊಟ್ಟರು. "ಕಂಪೈಲರ್ ಇಂಥ ತಪ್ಪು ಮಾಡಲ್ಲ ಕಣಮ್ಮ. ಇದು ಮನುಷ್ಯರು ಮಾಡೋದು" ಅಂದರು. ನಾನು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡೆ. ಅವರು ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದರು. "ಇನ್ನೊಂದ್ಸಲ ಬರೋವಾಗ ತಪ್ಪು ತಯಾರು ಮಾಡ್ಕೊಂಡು ಬರಬೇಡಿ. ಸುಮ್ನೆ ಬನ್ನಿ."

"ಬರ್ತೀನಿ ಸಾರ್" ಅಂದೆ.

ಸುಮ್ಮನೆ ಒಬ್ಬರ ಮನೆಗೆ ಹೋಗಿ ಕೂರುವುದು ನನಗೆ ಬರುವುದಿಲ್ಲ. ಎಂದೂ ಬಂದಿಲ್ಲ. ಮುಂದಿನ ಶನಿವಾರ ಹೋಗೋಣ ಅಂದುಕೊಂಡೆ, ಏನು ಮಾತಾಡುವುದು ಎಂದು ಯೋಚಿಸಿದೆ, ಬಿಟ್ಟೆ. ಇನ್ನೊಮ್ಮೆ ಕೆರೆಯ ಗೇಟಿನವರೆಗೂ ಹೋಗಿ, ಗಾಡಿ ನಿಲ್ಲಿಸಿ, ಅಲ್ಲಿ ವಾಕ್ ಮಾಡುವವರನ್ನು ನೋಡುತ್ತಾ ಕಾಲು ಗಂಟೆ ನಿಂತು ವಾಪಸ್ ಬಂದೆ. ಅವರ ಮನೆ ಅಲ್ಲಿಂದ ಎರಡು ತಿರುವು. ಯುಗಾದಿಗೆ ಹೋಗಬಹುದು, ಹಬ್ಬ ಅಂದರೆ 'ಯಾಕೆ ಬಂದಿರಿ' ಎಂಬ ಪ್ರಶ್ನೆ ಏಳುವುದಿಲ್ಲ ಎಂದು ಲೆಕ್ಕ ಹಾಕಿಟ್ಟುಕೊಂಡೆ. ಯುಗಾದಿಗೆ ಹತ್ತು ದಿನ ಇರುವಾಗ ಆಫೀಸಿನ ಗ್ರೂಪಿನಲ್ಲಿ ಹರೀಶನ ಮೆಸೇಜು ಬಂತು, ರುದ್ರಮೂರ್ತಿ ಸಾರ್ ತೀರಿಕೊಂಡರು ಎಂದು.

ರಜೆ ಹಾಕಿ ಹೋದೆ. ಹಾಲಿನ ಗೋಡೆಗೆ ಒರಗಿಸಿ ಅವರನ್ನು ಕೂರಿಸಿದ್ದರು, ಅವರ ಕಡೆಯ ಪದ್ಧತಿಯಂತೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ತಿಪಟೂರಿನಿಂದ ಬಂದಿದ್ದ ತಮ್ಮನ ಮನೆಯವರು ಆ ಕಡೆ ಈ ಕಡೆ ಓಡಾಡುತ್ತಿದ್ದರು. ಯಾರೋ ಒಬ್ಬರು ನನಗೆ ಚಾಪೆ ಸರಿಸಿ ಜಾಗ ಮಾಡಿಕೊಟ್ಟರು. ಸಾರ್ ಎದುರಿಗೆ ಎರಡು ಗಂಟೆ ಕೂತಿದ್ದೆ. ಯಾಕೆ ಬಂದೆ ಎಂದು ಅವತ್ತು ನನ್ನನ್ನು ಯಾರೂ ಕೇಳಲಿಲ್ಲ.